ಯಂತ್ರಕ್ಕೆ ತಕ್ಕ ಸ್ನೇಹ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಕೊಡಿಸಿದಾಗ, ಅವರು ನನ್ನಿಂದ ನಿರೀಕ್ಷಿಸಿದ್ದುದು ಹಳಗನ್ನಡ ಕಾವ್ಯದ ಒಂದು ಪ್ರಸಂಗವನ್ನೋ ಛಂದಸ್ಸಿನ ಒಂದು ಸೂಕ್ಷ್ಮವನ್ನೋ ಕುರಿತ ಬರೆಹವನ್ನು ಎಂಬುದರಲ್ಲಿ ಸಂದೇಹವಿಲ್ಲ. ಕನ್ನಡ ಪಂಡಿತನಿಂದ ಬೇರೇನನ್ನು ತಾನೆ ನಿರೀಕ್ಷಿಸಬೇಕು? ಆದರೆ ಕಳೆದೊಂದು ವರ್ಷದಿಂದ ನನ್ನ ಮೇಜಿನ ಮೇಲೆ ನಿಘಂಟುವಿನ ಪಕ್ಕದಲ್ಲಿ ಮೋಟಾರು ಕಾರಿನ ಕೈಪಿಡಿಯೊಂದು ಕುಳಿತಿದೆ. ಸಂಜೆಯ ವೇಳೆ ನನ್ನನ್ನು ಕಾಣಬಂದ ಸಹೋದ್ಯೋಗಿಗಳು ಅದನ್ನು ಕಂಡು ನಕ್ಕೂ ಹೋಗಿದ್ದಾರೆ. ಆದ್ದರಿಂದ ವೇಗದ ಕಾರುಗಳ ಎಂಜಿನ್ನಿಗೆ ಎಂಥ ಎಣ್ಣೆಯನ್ನು ಆರಿಸಬೇಕೆಂಬ ವಿಚಾರವನ್ನೇ ಈ ಸಲ ಬರೆಯಲು ಮನಸ್ಸು ಮಾಡಿದ್ದೇನೆ. ಇದಕ್ಕೆ ಕಾರಣರಾದವರು ನಮ್ಮ ಶಾಲೆಯ ಇಬ್ಬರು ಹಳೆಯ ವಿದ್ಯಾರ್ಥಿಗಳು. ಇಬ್ಬರ ಅನುಮತಿಯನ್ನೂ ಪಡೆದಿದ್ದೇನೆ. ಹೆಸರುಗಳನ್ನು ಮಾತ್ರ ಬರೆಯುವುದಿಲ್ಲ.

ಪದದಿಂದಲೇ ಆರಂಭಿಸುವುದು ನನ್ನಂಥವರ ಅಭ್ಯಾಸ; ವಾಚಕರು ಒಂದು ನಿಮಿಷ ಸಹಿಸಿಕೊಳ್ಳಬೇಕು. ಎಳ್ಳಿನ ನೆಯ್ ಎಂಬುದೇ ಕೂಡಿ ಎಣ್ಣೆಯಾಯಿತು. ಸಂಸ್ಕೃತದ ತೈಲವೂ ತಿಲದಿಂದ ಬಂದುದೇ. ಅಂದರೆ ಮೊದಲು ಎಳ್ಳಿನದು ಮಾತ್ರ ಎಣ್ಣೆ. ಆಮೇಲೆ ಕೊಬ್ಬರಿಯದೂ ಹರಳಿನದೂ ಕಡೆಗೆ ಭೂಗರ್ಭದಿಂದ ಬಂದುದೂ ಆ ಹೆಸರನ್ನೇ ಹೊತ್ತವು. ಸಂಸ್ಕೃತದಲ್ಲಿ ಎಣ್ಣೆಗೆ ಇನ್ನೊಂದು ಹೆಸರು ಸ್ನೇಹ. ಆಯುರ್ವೇದದವರು ಇಂದಿಗೂ ತುಪ್ಪ, ಎಣ್ಣೆ ಮೊದಲಾದವನ್ನು ಸ್ನೇಹದ್ರವ್ಯಗಳೆಂದೇ ಕರೆಯುತ್ತಾರೆ. ಅದೇ ಧಾತುವಿನಿಂದ ಸ್ನಿಗ್ಧ ಎಂಬ ಶಬ್ದವು ಸಿದ್ಧಿಸಿದೆ. ನಮ್ಮ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ದ್ರವವೊಂದು ಹರಿಯಲು ಒಡ್ಡುವ ಒಳಗಿನ ತಡೆಯನ್ನು ಸ್ನಿಗ್ಧತೆ ಎಂದು ಹೇಳಿದ್ದಾರಷ್ಟೆ. ನೀರಿಗಿಂತ ಜೇನಿಗೆ ಸ್ನಿಗ್ಧತೆ ಹೆಚ್ಚು. ಈ ಒಂದು ಶಬ್ದವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಇನ್ನು ಪ್ರಕೃತ ವಿಷಯ. ಆ ಇಬ್ಬರಲ್ಲಿ ಒಬ್ಬನು ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿದವನು. ವ್ಯಾಕರಣದಲ್ಲಿ ಅಂಥ ಚುರುಕೇನೂ ಇರಲಿಲ್ಲ. ಆದರೆ ಶಾಲೆಯ ನೀರಿನ ಪಂಪು ಕೆಟ್ಟಾಗಲೆಲ್ಲ ಅವನನ್ನೇ ಕರೆಯುತ್ತಿದ್ದೆವು. ಈಗ ಹೆದ್ದಾರಿಯ ಬದಿಯಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಕಂಪನಿಯ ಸರ್ವಿಸ್ ಸ್ಟೇಷನ್ನುಗಳಿಗೆ ಹೋಗಬೇಕಾದಂಥ ಬೆಲೆಬಾಳುವ ಕಾರುಗಳೂ ಅವನಲ್ಲಿಗೆ ಬರುತ್ತವೆ. ಇನ್ನೊಬ್ಬರು ಅಕ್ಕಿ ಗಿರಣಿಯ ಮಾಲಿಕರು, ಉದಾರಿಗಳು. ನಮ್ಮ ವಿಜ್ಞಾನ ಪ್ರಯೋಗಾಲಯಕ್ಕೆ ನೆರವಾದವರಲ್ಲಿ ಅವರೂ ಒಬ್ಬರು. ಅವರ ಮಗನಿಗೆ ಕಾರಿನ ಓಟದ ಹವ್ಯಾಸ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನಿನ ಜರ್ಮನ್ ಮಾದರಿಯ ಕಾರೊಂದನ್ನು ಕೊಂಡು, ಚೆನ್ನೈ ಸಮೀಪದ ಇರುಂಗಾಟ್ಟುಕೋಟೆಯಲ್ಲಿರುವ ಓಟದ ಪಥಕ್ಕೆ ವರ್ಷದಲ್ಲಿ ಎರಡು ಮೂರು ಸಲ ಹೋಗಿ ಓಡಿಸಿ ಬರುತ್ತಾನೆ.

ಯುಗಾದಿಯ ಸುಮಾರಿಗೆ ಆ ಕಾರಿಗೆ ಗ್ಯಾರೇಜಿನಲ್ಲಿ ಎಣ್ಣೆ ಬದಲಾಯಿಸಿದ್ದಾಯಿತು. ದೀಪಾವಳಿ ಕಳೆದು ಹದಿನೈದು ದಿನಗಳಿಗೆ ಟರ್ಬೊ ಕೆಟ್ಟು ಕಾರು ನಿಂತಿತು; ಎಂಜಿನ್ನಿನ ಬೇರಿಂಗುಗಳಿಗೂ ಗಾಯವಾಗಿತ್ತು. ರಿಪೇರಿಗೆ ಎರಡೂವರೆ ಲಕ್ಷ ರೂಪಾಯಿ ಬೇಕೆಂದು ಅಂದಾಜಾಯಿತು. ಗ್ಯಾರೇಜಿನವನು ನೀರಿನಂಥ ತೆಳು ಎಣ್ಣೆಯನ್ನು ಹಾಕಿದ್ದರಿಂದಲೇ ಹೀಗಾಯಿತು, ನಷ್ಟವನ್ನು ಅವನೇ ಭರಿಸಬೇಕು ಎಂದು ಮಾಲಿಕರ ವಾದ. ಅವನ ಗ್ಯಾರೇಜಿನ ಮೇಲೆ ಬ್ಯಾಂಕಿನ ಸಾಲವಿತ್ತು. ಎರಡೂವರೆ ಲಕ್ಷಕ್ಕಿಂತಲೂ ಹೆಚ್ಚಿನ ಭಯವೆಂದರೆ, ಊರಿನ ದೊಡ್ಡ ಮನುಷ್ಯರೊಬ್ಬರು 'ಅವನ ಕೈಗೆ ಗಾಡಿ ಕೊಡಬೇಡಿ' ಎಂದು ಒಂದು ಮಾತು ಆಡಿದರೆ ಅಂಥ ಅಂಗಡಿಯ ಬಾಗಿಲು ಮುಚ್ಚಿದ ಹಾಗೆಯೇ. ಪೊಲೀಸು, ಕೋರ್ಟು ಎಂಬ ಮಾತು ಬರುವ ಮೊದಲು ಇಬ್ಬರೂ ನನ್ನಲ್ಲಿಗೆ ಬಂದರು. ಇಬ್ಬರಿಗೂ ಪಾಠ ಹೇಳಿದವನು ಎಂಬುದೊಂದೇ ನನ್ನ ಅರ್ಹತೆ.

"ಮೇಷ್ಟ್ರೇ, ದುಡ್ಡಿನ ಪ್ರಶ್ನೆಯಲ್ಲ. ನಮ್ಮ ಶಾಲೆ ಹುಡುಗ ಅಂತ ನಂಬಿ ಗಾಡಿ ಕೊಟ್ಟೆ" ಎಂದರು ಅವರು. ಇವನು ತಲೆ ತಗ್ಗಿಸಿಕೊಂಡು, "ಬುಕ್ಕಿನಲ್ಲಿ ಬರೆದಿರೋ ಎಣ್ಣೇನೇ ಹಾಕೀನಿ ಮೇಷ್ಟ್ರೇ. ಬಿಲ್ ಐತೆ, ಖಾಲಿ ಡಬ್ಬ ಐತೆ" ಎಂದನು. ದಾನಿಗಳ ಮುಂದೆ ಬಡವನ ಪರವಾಗಿ ಮಾತನಾಡುವುದೂ, ಬಡವನೆಂಬ ಮಾತ್ರಕ್ಕೆ ಅವನ ಪರ ತೀರ್ಪು ಕೊಡುವುದೂ ಎರಡೂ ತಪ್ಪು ದಾರಿಗಳೇ. ಎಂಟು ದಿನ ಅವಕಾಶ ಬೇಡಿದೆ. ಕಾರಿನ ಕೈಪಿಡಿಯನ್ನೂ ಎಣ್ಣೆಯ ಡಬ್ಬವನ್ನೂ ಇಟ್ಟುಕೊಂಡು ಓದಲು ಕುಳಿತೆ. ಭೌತಶಾಸ್ತ್ರದ ನಮ್ಮ ಅಧ್ಯಾಪಕರು ತಾಳ್ಮೆಯಿಂದ ನನಗೆ ಪಾಠ ಹೇಳಿದರು. ಉಳಿದುದನ್ನು ಗ್ಯಾರೇಜಿನಲ್ಲಿ ಮರದ ಪೆಟ್ಟಿಗೆಯ ಮೇಲೆ ಕುಳಿತು ಕಲಿತೆ.

ಎಂಜಿನ್ನಿನ ಒಳಗೆ ಎಣ್ಣೆ ಮಾಡುವ ಕೆಲಸವೇನು? ಜಾರಿಸುವುದು ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಅದರ ನಿಜವಾದ ಕೆಲಸ ಹೊರುವುದು. ಇದನ್ನು ಮೊದಲು ಕಣ್ಣಾರೆ ಕಂಡವರು ಇಂಗ್ಲೆಂಡಿನ ಬೋಚಂಪ್ ಟವರ್ ಎಂಬ ಎಂಜಿನಿಯರು, 1883ರ ಮಾತು. ರೈಲುಗಾಡಿಯ ಅಚ್ಚಿನ ಬೇರಿಂಗಿನ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ಅವರು ಎಣ್ಣೆ ಹಾಕಲೆಂದು ಅದರ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆಸಿದರು. ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಒಳಕ್ಕಿಳಿಯುವ ಬದಲು ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದರು; ಬಿರಡೆಯನ್ನು ತಳ್ಳಿತು. ಮರದ ಬೆಣೆಯನ್ನು ಬಡಿದರು, ಅದನ್ನೂ ತಳ್ಳಿಹಾಕಿತು. ಕಡೆಗೆ ಅಲ್ಲಿ ಒತ್ತಡದ ಮಾಪಕವನ್ನಿಟ್ಟು ನೋಡಿದರೆ, ಅಷ್ಟು ಭಾರ ಹೊತ್ತ ಬೇರಿಂಗು ಅಚ್ಚಿನ ಮೇಲೆ ಕುಳಿತೇ ಇರಲಿಲ್ಲ. ಎಣ್ಣೆಯ ತೆಳುಪದರವೊಂದರ ಮೇಲೆ ತೇಲುತ್ತಿತ್ತು! ಇದರ ಗಣಿತವನ್ನು 1886ರಲ್ಲಿ ಆಸ್‌ಬರ್ನ್ ರೇನಾಲ್ಡ್ಸ್ ಎಂಬ ವಿದ್ವಾಂಸರು ಬಿಡಿಸಿಟ್ಟರು. ತಿರುಗುವ ದಂಡವು ತನ್ನೊಡನೆ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ; ಅಲ್ಲಿ ಇಕ್ಕಟ್ಟಾದ ಎಣ್ಣೆ ದಂಡವನ್ನೇ ಎತ್ತಿಹಿಡಿಯುತ್ತದೆ. ಈ ಎತ್ತುವ ಶಕ್ತಿ ಎಣ್ಣೆಯ ಸ್ನಿಗ್ಧತೆ, ತಿರುಗುವ ವೇಗ, ಮೇಲಿನ ಭಾರ ಹಾಗೂ ಸಂದಿಯ ಅಗಲ ಇವೆಲ್ಲವನ್ನೂ ಅವಲಂಬಿಸಿದೆ.

ಸಂದಿಯ ಅಗಲ ಎಂಬ ಮಾತನ್ನು ಸ್ವಲ್ಪ ಹಿಡಿದುಕೊಳ್ಳಬೇಕು. ವ್ಯಾಜ್ಯದ ಬೇರು ಇರುವುದು ಅಲ್ಲಿಯೇ. ಇಂದಿನ ಎಂಜಿನ್ನುಗಳಲ್ಲಿ ದಂಡಕ್ಕೂ ಬೇರಿಂಗಿಗೂ ನಡುವಣ ಸಂದಿ ಒಂದು ತಲೆಗೂದಲಿನ ದಪ್ಪಕ್ಕಿಂತ ಕಡಮೆ. ಆ ಸಂದಿಯೊಳಗೆ ಎಣ್ಣೆ ಬರಿದೆ ನಿಂತಿರುವುದಿಲ್ಲ, ಹರಿಯುತ್ತಿರಬೇಕು. ಹರಿಯುತ್ತ ಅಲ್ಲಿನ ಕಾವನ್ನು ಹೊತ್ತೊಯ್ಯಬೇಕು. ಎಣ್ಣೆ ತೀರ ತೆಳುವಾದರೆ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ತೀರ ಗಟ್ಟಿಯಾದರೆ ಸಂದಿಯಲ್ಲಿ ಸಾಕಷ್ಟು ಹರಿಯದೆ ತನ್ನ ಒಳಗಿನ ಘರ್ಷಣೆಯಿಂದಲೇ ಕಾಯುತ್ತದೆ. ನಮ್ಮ ಚಾಲಕರಲ್ಲಿ ಒಂದು ನಂಬಿಕೆಯುಂಟು: ಎಣ್ಣೆಯ ಒತ್ತಡದ ಮುಳ್ಳು ಮೇಲೇರಿ ನಿಂತಿದ್ದರೆ ಎಂಜಿನ್ನು ಕ್ಷೇಮ ಎಂದು. ಆದರೆ ಒತ್ತಡವೇ ಬೇರೆ, ಹರಿವೇ ಬೇರೆ. ಗಟ್ಟಿ ಎಣ್ಣೆಯನ್ನು ಪಂಪು ತಳ್ಳಲಾರದೆ ಒತ್ತಡ ಮಿತಿಮೀರಿದಾಗ ಅಲ್ಲಿನ ಕವಾಟ ತೆರೆದುಕೊಂಡು, ಬೇರಿಂಗಿಗೆ ಹೋಗಬೇಕಾದ ಎಣ್ಣೆಯ ಒಂದು ಪಾಲು ಹಾಗೆಯೇ ಕೆಳಗಿನ ಚೇಂಬರಿಗೆ ಮರಳುತ್ತದೆ. ಮುಳ್ಳೇನೋ ಮೇಲೆಯೇ ಇರುತ್ತದೆ!

ಎಣ್ಣೆಯ ಡಬ್ಬದ ಮೇಲೆ 5ಡಬ್ಲ್ಯು-40, 20ಡಬ್ಲ್ಯು-50 ಎಂಬಂಥ ಸಂಖ್ಯೆಗಳಿರುವುದನ್ನು ಎಲ್ಲರೂ ಕಂಡಿರುತ್ತೀರಿ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ 1911ರಿಂದ ಈಚೆಗೆ ಬೆಳೆಸುತ್ತ ಬಂದ ಸಂಕೇತಗಳಿವು. ಡಬ್ಲ್ಯು ಎಂಬುದು ಚಳಿಗಾಲದ ಆಂಗ್ಲ ಶಬ್ದದ ಮೊದಲಕ್ಷರ. ಅದರ ಹಿಂದಿನ ಅಂಕಿ ಕೊರೆಯುವ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಅಲುಗುತ್ತದೆ ಎಂಬುದನ್ನು ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ಸಲೀಸು. ಮುಂದಿನ ಅಂಕಿ ಎಂಜಿನ್ನು ಕಾದಾಗಿನ ಸ್ನಿಗ್ಧತೆಯ ವರ್ಗ. ನೂರು ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆದಾಗ 30ರ ವರ್ಗದ ಎಣ್ಣೆಯ ಅಳತೆ 9.3ರಿಂದ 12.5ರ ಒಳಗೆ, 40ರದು 12.5ರಿಂದ 16.3ರ ಒಳಗೆ, 50ರದು 16.3ರಿಂದ 21.9ರ ಒಳಗೆ ಇರಬೇಕು. ಅಳತೆಯ ಮಾನ ಸೆಂಟಿಸ್ಟೋಕ್. ಕೋಣೆಯ ಉಷ್ಣತೆಯಲ್ಲಿರುವ ನೀರಿನ ಅಳತೆ ಸುಮಾರು ಒಂದು ಎಂದರೆ ವಾಚಕರಿಗೆ ಅಂದಾಜು ಸಿಕ್ಕೀತು. ನಮ್ಮ ಬಯಲುಸೀಮೆಯಲ್ಲಿ ಹೆಪ್ಪುಗಟ್ಟುವ ಚಳಿ ಇಲ್ಲವಲ್ಲ, ಮೊದಲಿನ ಅಂಕಿಯಿಂದ ನಮಗೇನು ಎಂದು ನಾನೂ ಕೇಳಿದೆ. ಮುಂಜಾನೆಯ ತಣ್ಣನೆಯ ಎಂಜಿನ್ನಿನಲ್ಲಿ 20ಡಬ್ಲ್ಯು-50ರ ಎಣ್ಣೆ 5ಡಬ್ಲ್ಯು-40ರದಕ್ಕಿಂತ ಸರಿಸುಮಾರು ಎರಡು ಪಟ್ಟು ಗಟ್ಟಿಯಾಗಿರುತ್ತದೆ, ದೂರದ ಮೂಲೆಗಳನ್ನು ಅಷ್ಟೇ ತಡವಾಗಿ ಮುಟ್ಟುತ್ತದೆ ಎಂಬುದೇ ಉತ್ತರ.

ಹಾಗಾದರೆ ಓಟದ ಕಾರಿಗೆ ಗಟ್ಟಿ ಎಣ್ಣೆ ಬೇಕೆಂಬ ಮಾತು ಸುಳ್ಳೇ? ಪೂರ್ತಿ ಸುಳ್ಳೆನ್ನುವಂತಿಲ್ಲ, ಅರ್ಧ ಸತ್ಯವಾದ್ದರಿಂದಲೇ ಅದು ಅಪಾಯಕರ. ಬಿ.ಎಂ.ಡಬ್ಲ್ಯು. ಕಂಪನಿಯವರು 2000ದಿಂದ 2006ರವರೆಗೆ ತಯಾರಿಸಿದ ಎಂ3 ಎಂಬ ಕಾರಿನ ಎಂಜಿನ್ನು ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗುತ್ತಿತ್ತು. ಅದಕ್ಕೆ ಅವರು ಗೊತ್ತುಮಾಡಿದ್ದು 10ಡಬ್ಲ್ಯು-60, ಅಂದರೆ ಬಲು ಗಟ್ಟಿ. ನಿಸಾನ್ ಕಂಪನಿಯವರ ಜಿ.ಟಿ.ಆರ್. ಎಂಬ, ಎರಡು ಟರ್ಬೊ ಹೊತ್ತ ಪ್ರಸಿದ್ಧ ಕಾರಿಗೆ ಕಾರ್ಖಾನೆಯಲ್ಲಿ ತುಂಬಿದ್ದು 0ಡಬ್ಲ್ಯು-40. ಹೋಂಡಾದವರ 2017ರ ಸಿವಿಕ್ ಟೈಪ್-ಆರ್ ಕಾರಿನ ಎರಡು ಲೀಟರ್ ಟರ್ಬೊ ಎಂಜಿನ್ನು ಮುನ್ನೂರಕ್ಕೂ ಮೇಲ್ಪಟ್ಟು ಅಶ್ವಶಕ್ತಿಯನ್ನು ಕೊಡುತ್ತದೆ. ಅಮೆರಿಕದಲ್ಲಿ ಅದಕ್ಕೆ ಹೇಳಿದ್ದು 0ಡಬ್ಲ್ಯು-20! ಮೂರೂ ವೇಗದ ಕಾರುಗಳೇ, ಮೂರಕ್ಕೂ ಬೇರೆ ಬೇರೆ ಎಣ್ಣೆ. ಸಂದಿಯ ಅಗಲ, ಎಣ್ಣೆಯನ್ನು ತಣಿಸುವ ವ್ಯವಸ್ಥೆ, ಪಂಪಿನ ಸಾಮರ್ಥ್ಯ ಇವನ್ನೆಲ್ಲ ಎಂಜಿನ್ನನ್ನು ರೂಪಿಸಿದವರು ಒಂದು ನಿರ್ದಿಷ್ಟ ಎಣ್ಣೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೂಡಿಸಿರುತ್ತಾರೆ. ಅಲಂಕಾರಶಾಸ್ತ್ರದಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದನು. ಸೊಂಟದ ಡಾಬು ಕೊರಳಿಗೆ ಶೋಭಿಸದು ಎಂಬುದು ಅವನ ವಿಚಾರದ ಸಾರ. ಡಾಬು ಚಿನ್ನದ್ದೇ ಆದರೂ ಅಷ್ಟೆ.

ಪಥದಲ್ಲಿ ಓಡಿಸುವ ಕಾರಿಗೆ ಒಂದು ವಿಶೇಷ ಉಂಟು. ರಸ್ತೆಯ ಮೇಲೆ ನೂರರ ಆಸುಪಾಸಿನಲ್ಲಿರುವ ಎಣ್ಣೆಯ ಉಷ್ಣತೆ ಅಲ್ಲಿ ನೂರಮೂವತ್ತನ್ನೂ ದಾಟಬಹುದು. ಕಾದಷ್ಟೂ ಎಣ್ಣೆ ತೆಳುವಾಗುತ್ತದೆ. ಆದ್ದರಿಂದಲೇ ನೂರೈವತ್ತು ಡಿಗ್ರಿಯಲ್ಲಿ, ಬಲವಾಗಿ ಉಜ್ಜಿದ ಸ್ಥಿತಿಯಲ್ಲಿ ಎಣ್ಣೆಯ ಪದರ ಎಷ್ಟು ಉಳಿಯುತ್ತದೆ ಎಂಬ ಇನ್ನೊಂದು ಪರೀಕ್ಷೆಯೂ ಇದೆ. ವೇಗದ ಕಾರಿನವರು ನೋಡಬೇಕಾದ್ದು ಮುಖ್ಯವಾಗಿ ಇದನ್ನು. ಐರೋಪ್ಯ ತಯಾರಕರು ತಮ್ಮ ಅನೇಕ ಎಂಜಿನ್ನುಗಳಿಗೆ ಈ ಅಳತೆ 3.5ಕ್ಕೆ ಕಡಮೆಯಾಗಬಾರದೆಂದು ವಿಧಿಸಿದ್ದಾರೆ. ಟರ್ಬೊದ ದಂಡವಂತೂ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ಒಂದು ತುದಿಯಲ್ಲಿ ಬೆಂಕಿಯಂಥ ಹೊಗೆ, ನಡುವೆ ಎಣ್ಣೆಯ ಪದರವೊಂದೇ ಆಸರೆ. ಓಟ ಮುಗಿಸಿದ ತಕ್ಷಣ ಎಂಜಿನ್ನನ್ನು ನಿಲ್ಲಿಸಿಬಿಟ್ಟರೆ ಅಲ್ಲಿ ನಿಂತ ಎಣ್ಣೆ ಕರಿದ ಎಣ್ಣೆಯ ಬಾಣಲೆಯ ತಳದಂತೆ ಕರಿಕಟ್ಟುತ್ತದೆ. ಒಳ್ಳೆಯ ಸಂಶ್ಲೇಷಿತ ಎಣ್ಣೆ ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಸಾಮಾನ್ಯ ಖನಿಜ ಎಣ್ಣೆ ಬೇಗ ಸೋಲುತ್ತದೆ.

ಇಲ್ಲಿ ನಮ್ಮ ಹೊಲದ ಬದುವಿನ ಹರಳು ಗಿಡವನ್ನು ನೆನೆಯದೆ ಮುಂದುವರಿಯಲಾರೆ. ನನ್ನ ತಂದೆಯವರ ಕಾಲದಲ್ಲಿ ಬಂಡಿಯ ಗಾಲಿಗೆ ಹಾಕುತ್ತಿದ್ದ ಕೀಲೆಣ್ಣೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಮಾಡಿದ್ದು. ಅದೇ ಹರಳೆಣ್ಣೆ ಒಂದು ಕಾಲಕ್ಕೆ ಜಗತ್ತಿನ ವೇಗದ ಎಂಜಿನ್ನುಗಳನ್ನೆಲ್ಲ ಆಳಿತು ಎಂದರೆ ನಮ್ಮ ಹುಡುಗರು ನಂಬುವುದಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬವರ ಕಂಪನಿ 1909ರಲ್ಲಿ ತನ್ನ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟುದು ಹರಳೆಣ್ಣೆಯ ಆಂಗ್ಲ ಹೆಸರಿನಿಂದಲೇ. ಮೊದಲನೆಯ ಮಹಾಯುದ್ಧದ ವಿಮಾನಗಳಲ್ಲಿ, ಸಿಲಿಂಡರುಗಳೇ ಸುತ್ತುವ ಎಂಜಿನ್ನುಗಳಿದ್ದವು. ಅಲ್ಲಿ ಪೆಟ್ರೋಲೂ ಎಣ್ಣೆಯೂ ಒಂದೇ ಕಡೆ ಸಂಧಿಸುತ್ತಿದ್ದುವು. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಹರಳೆಣ್ಣೆಯೇ ಅಲ್ಲಿಗೆ ಉಚಿತವಾಗಿತ್ತು. ಒಮ್ಮೆ ಬಳಸಿದ ಎಣ್ಣೆ ಹೊಗೆಯೊಡನೆ ಹೊರಗೆ ಹಾರುತ್ತಿತ್ತು. ಅದನ್ನು ಉಸಿರಾಡಿದ ವೈಮಾನಿಕರ ಹೊಟ್ಟೆಯ ಪಾಡನ್ನು ಹೇಳಬೇಕಾಗಿಲ್ಲ, ಚಿಕ್ಕಂದಿನಲ್ಲಿ ಹರಳೆಣ್ಣೆ ಕುಡಿದವರು ತಾವೇ ಊಹಿಸಿಕೊಳ್ಳಬಹುದು. ಲೋಹವನ್ನು ಅಪ್ಪಿಕೊಳ್ಳುವ ಗುಣದಲ್ಲಿ ಅದಕ್ಕೆ ಸಮನಾದುದು ಅಪರೂಪ. ಆದರೆ ಕಾದು ಹಳತಾದಂತೆ ಅಂಟಾಗಿ ಗಟ್ಟಿಗೊಳ್ಳುವುದು ಅದರ ದೋಷ. ಓಟ ಮುಗಿದ ಮೇಲೆ ಬೇಗನೆ ತೆಗೆದು ಎಂಜಿನ್ನನ್ನು ಶುದ್ಧಮಾಡಬೇಕು. ಆದ್ದರಿಂದ ದಿನಬಳಕೆಯ ಕಾರಿಗೆ ಅದು ಒಗ್ಗಲಿಲ್ಲ. ಹಳೆಯ ಓಟದ ಕಾರುಗಳನ್ನು ಕಾಪಾಡಿಕೊಂಡು ಬಂದಿರುವ ರಸಿಕರು ಇಂದಿಗೂ ಅದನ್ನು ಬಳಸುವುದುಂಟು.

ಇನ್ನು ಡಬ್ಬದ ಮೇಲಿನ ಬರೆಹ. ಇದನ್ನು ಓದುವಾಗ ಮಾತ್ರ ನನ್ನ ಪಾಠಶಾಲೆಯ ವಿದ್ಯೆ ನೆರವಿಗೆ ಬಂತೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ಮೀಮಾಂಸಕರು ವಾಕ್ಯಗಳಲ್ಲಿ ವಿಧಿ, ಅರ್ಥವಾದ ಎಂದು ಭೇದ ಮಾಡುತ್ತಾರೆ. ಇದನ್ನು ಮಾಡಬೇಕು ಎಂದು ಕಟ್ಟುಮಾಡುವುದು ವಿಧಿ. ಅದರಲ್ಲಿ ಪ್ರವೃತ್ತಿ ಹುಟ್ಟಲೆಂದು ಹೊಗಳುವುದು ಅರ್ಥವಾದ. ಡಬ್ಬದ ಮುಂಭಾಗದಲ್ಲಿ ಚಿನ್ನದ ಬಣ್ಣದ ದಪ್ಪ ಅಕ್ಷರಗಳಲ್ಲಿ ಓಟ, ಶಕ್ತಿ, ರಕ್ಷಣೆ ಎಂದು ಮುದ್ರಿಸಿರುವುದೆಲ್ಲ ಅರ್ಥವಾದ. ವಿಧಿ ಇರುವುದು ಹಿಂಬದಿಯಲ್ಲಿ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ. 'ಸಿಂಥೆಟಿಕ್' ಎಂಬ ಶಬ್ದವನ್ನೇ ನೋಡಿ. ಮೊದಲು ರಸಾಯನಶಾಲೆಯಲ್ಲಿ ಅಣು ಅಣುವಾಗಿ ಕೂಡಿಸಿದ ಎಣ್ಣೆಗೆ ಮಾತ್ರ ಆ ಹೆಸರು ಸಲ್ಲುತ್ತಿತ್ತು. 1999ರಲ್ಲಿ ಅಮೆರಿಕದಲ್ಲಿ ಎರಡು ಎಣ್ಣೆ ಕಂಪನಿಗಳ ಜಾಹೀರಾತು ವಿವಾದ ತೀರ್ಮಾನವಾದ ಮೇಲೆ, ಕಚ್ಚಾ ಎಣ್ಣೆಯನ್ನೇ ತೀವ್ರವಾಗಿ ಸಂಸ್ಕರಿಸಿ ಪಡೆದುದೂ ಅದೇ ಹೆಸರಿನಿಂದ ಮಾರಾಟವಾಗತೊಡಗಿತು. ಎಳ್ಳಿನ ಹೆಸರನ್ನು ಕೊಬ್ಬರಿ ಹೊತ್ತ ಹಾಗೆಯೇ ಇದೂ! ಹಾಗೆ ಪಡೆದ ಎಣ್ಣೆ ಕೆಟ್ಟದೆಂದೇನೂ ಅಲ್ಲ. ಶಬ್ದವೊಂದನ್ನೇ ನೆಚ್ಚಬಾರದು, ಅಷ್ಟೆ.

ಹಿಂಬದಿಯಲ್ಲಿ ನೋಡಬೇಕಾದವು ಎರಡು. ಅಮೆರಿಕದ ಪೆಟ್ರೋಲಿಯಮ್ ಸಂಸ್ಥೆಯ ದರ್ಜೆಯಲ್ಲಿ ಪೆಟ್ರೋಲ್ ಎಂಜಿನ್ನಿನ ಎಣ್ಣೆಗೆ ಎಸ್ ಎಂಬ ಅಕ್ಷರದಿಂದ ತೊಡಗುವ ಜೋಡಿ ಅಕ್ಷರಗಳುಂಟು. 2020ರಲ್ಲಿ ಬಂದ ಎಸ್.ಪಿ. ದರ್ಜೆಯು, ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಕಡಮೆ ವೇಗದಲ್ಲಿ ಇಂಧನ ಹೊತ್ತಿಗೆ ಮುಂಚೆಯೇ ಹತ್ತಿಕೊಂಡು ಪಿಸ್ಟನ್ನನ್ನು ಒಡೆಯುವ ಕೇಡನ್ನು ತಡೆಯುವುದಕ್ಕೂ ಪರೀಕ್ಷೆಗೊಳಗಾದುದು. ಎರಡನೆಯದು ಕಾರು ತಯಾರಕರ ಸ್ವಂತ ಅನುಮೋದನೆ. ಫೋಕ್ಸ್‌ವ್ಯಾಗನ್‌ನವರ 502 00, ಮರ್ಸಿಡಿಸ್‌ನವರ 229.5 ಎಂಬಂಥವು. ಇಲ್ಲಿ ಎರಡು ಬಗೆಯ ವಾಕ್ಯಗಳಿರುತ್ತವೆ. 'ಅನುಮೋದಿತ' ಎಂದಿದ್ದರೆ ಆ ತಯಾರಕರು ಪರೀಕ್ಷೆಗಳ ಫಲವನ್ನು ನೋಡಿ ಒಪ್ಪಿಗೆ ಕೊಟ್ಟಿದ್ದಾರೆಂದು ಅರ್ಥ. 'ಅಗತ್ಯಗಳನ್ನು ಪೂರೈಸುತ್ತದೆ', 'ಬಳಸಲು ಯೋಗ್ಯ' ಎಂದಿದ್ದರೆ ಅದು ಎಣ್ಣೆ ಮಾರುವವನ ಸ್ವಂತ ಮಾತು. ಮೊದಲನೆಯದು ಪ್ರಮಾಣಪತ್ರ, ಎರಡನೆಯದು ಆತ್ಮಪ್ರಶಂಸೆ. ಗ್ಯಾರೇಜಿನವನ ಡಬ್ಬದ ಮೇಲೆ ಕೈಪಿಡಿ ಕೇಳಿದ ಸಂಖ್ಯೆಯೇ, ಅನುಮೋದಿತ ಎಂಬ ಮಾತಿನೊಡನೆ ಇತ್ತು. ವರ್ಗವೂ ಕೈಪಿಡಿ ಒಪ್ಪುವ 5ಡಬ್ಲ್ಯು-40.

ಅಷ್ಟರಿಂದ ಅವನು ಸರಿಯಾದ ಎಣ್ಣೆಯನ್ನು ಕೊಂಡನೆಂದು ಸಿದ್ಧವಾಯಿತೇ ಹೊರತು, ಕಾರಿಗೆ ಹಾಕಿದನೆಂದು ಸಿದ್ಧವಾಗಲಿಲ್ಲ. ಮಾಲಿಕರು ಹಾಗೆಯೇ ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಕೆಟ್ಟ ಎಂಜಿನ್ನಿನ ಚೇಂಬರಿನಲ್ಲಿ ಎಣ್ಣೆ ಇನ್ನೂ ಇತ್ತು. ಇಬ್ಬರ ಎದುರಿನಲ್ಲಿ ಅದನ್ನು ಶುದ್ಧವಾದ ಸೀಸೆಗೆ ಇಳಿಸಿ, ಅದರೊಡನೆ ಗ್ಯಾರೇಜಿನಲ್ಲಿದ್ದ ಅದೇ ತಯಾರಿಕೆಯ ಮುಚ್ಚಿದ ಡಬ್ಬವೊಂದನ್ನೂ ಸೇರಿಸಿ ಬೆಂಗಳೂರಿನ ಪರೀಕ್ಷಾಲಯಕ್ಕೆ ಕಳುಹಿಸಿದೆವು. ಖರ್ಚನ್ನು ಇಬ್ಬರೂ ಸಮನಾಗಿ ಹಂಚಿಕೊಂಡರು. ವರದಿ ಬರುವವರೆಗಿನ ಹನ್ನೆರಡು ದಿನ ಅವನು ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಹೊಸ ಕೆಲಸ ಒಪ್ಪಿಕೊಳ್ಳಲಿಲ್ಲ ಎಂದು ಆಮೇಲೆ ತಿಳಿಯಿತು.

ವರದಿಯನ್ನು ಓದಿದ್ದು ಹಸ್ತಪ್ರತಿಗಳನ್ನು ಹೋಲಿಸುವ ಕ್ರಮದಲ್ಲಿಯೇ. ನೂರು ಡಿಗ್ರಿಯಲ್ಲಿ ಚೇಂಬರಿನ ಎಣ್ಣೆಯ ಅಳತೆ ಹದಿನೆಂಟಕ್ಕೂ ಮೇಲೆ. ಅದು 50ರ ವರ್ಗ. ಮುಚ್ಚಿದ ಡಬ್ಬದ್ದು 40ರ ವರ್ಗದೊಳಗೇ ಇತ್ತು. ಬಳಕೆಯಿಂದ ಗಟ್ಟಿಯಾಗಿರಬಾರದೇ ಎಂಬ ಆಕ್ಷೇಪಕ್ಕೆ ಎಡೆಯುಂಟು. ಬಹುಕಾಲ ಸುಟ್ಟ ಎಣ್ಣೆ ಹಾಗಾಗುವುದೂ ಉಂಟು. ಆದರೆ ಇಂಥ ಎಂಜಿನ್ನುಗಳಲ್ಲಿ ಕೆಲವು ಸಾವಿರ ಕಿಲೋಮೀಟರಿನೊಳಗೆ ಎಣ್ಣೆ ಸಾಮಾನ್ಯವಾಗಿ ತೆಳುವಾಗುತ್ತದೆ: ಅದರಲ್ಲಿ ಸೇರಿಸಿರುವ ಉದ್ದುದ್ದನೆಯ ಅಣುಗಳು ತುಂಡಾಗುತ್ತವೆ, ಸ್ವಲ್ಪ ಪೆಟ್ರೋಲೂ ಬೆರೆಯುತ್ತದೆ. ಸುಟ್ಟ ಲಕ್ಷಣವೂ ವರದಿಯಲ್ಲಿ ಅಷ್ಟಾಗಿ ಇರಲಿಲ್ಲ. ಇನ್ನೂ ನಿರ್ಣಾಯಕವಾದುದು ಲೋಹಾಂಶಗಳ ಪಟ್ಟಿ. ಎಣ್ಣೆಗೆ ಸೇರಿಸುವ ಕ್ಯಾಲ್ಸಿಯಮ್, ಮೆಗ್ನೀಸಿಯಮ್, ಸತು, ರಂಜಕ ಇವುಗಳ ಪ್ರಮಾಣ ಒಂದೊಂದು ಎಣ್ಣೆಗೂ ಒಂದೊಂದು ಬಗೆ. ಎರಡರ ಪಟ್ಟಿಯೂ ಎಲ್ಲಿಯೂ ಕೂಡಲಿಲ್ಲ. ಈ ಎರಡು ಪ್ರತಿಗಳು ಒಂದೇ ಮೂಲದಿಂದ ಇಳಿದವಲ್ಲ ಎಂದು ಸಂಪಾದಕನೊಬ್ಬನು ಹೇಳಬಹುದಾದಷ್ಟು ಸ್ಪಷ್ಟವಾಗಿತ್ತು.

ಹಾಗಾದರೆ ನಡುವೆ ಎಣ್ಣೆಯನ್ನು ಬದಲಿಸಿದವರು ಯಾರು? ಮಾಲಿಕರ ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ ಇರುವ ಚಾಲಕರೊಬ್ಬರಿದ್ದಾರೆ. ಅಂಬಾಸಿಡರ್ ಕಾರಿನಲ್ಲಿ ಕೈ ಪಳಗಿಸಿಕೊಂಡವರು. ಕೇಳಿದೊಡನೆ ಅವರು ಮುಚ್ಚಿಡಲಿಲ್ಲ. "ಚಿಕ್ಕ ಯಜಮಾನ್ರು ರೇಸಿಗೆ ಹೋಗ್ತಾರೆ, ನೀರಿನಂಗೆ ಇರೋ ಎಣ್ಣೆ ಹಾಕವ್ರೆ ಅಂತ ನನ್ನ ಜೀವ ಸಮಾಧಾನ ಆಗಲಿಲ್ಲ. ನನ್ನ ಕೈಯಿಂದ ದುಡ್ಡು ಕೊಟ್ಟು ದಪ್ಪದ ಎಣ್ಣೆ ಹಾಕಿಸಿದೆ" ಎಂದರು. ರಸ್ತೆ ಬದಿಯ ಅಂಗಡಿಯ 20ಡಬ್ಲ್ಯು-50ರ ಖನಿಜ ಎಣ್ಣೆ ಅದು. ಆ ಎಣ್ಣೆಯೊಡನೆ ಹುಡುಗನು ಎರಡು ಸಲ ಪಥಕ್ಕೆ ಹೋಗಿಬಂದಿದ್ದನು. ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಕೊಳವೆಯನ್ನು ಬಿಚ್ಚಿ ನೋಡಿದಾಗ ಒಳಗೆ ಕರಿಕಟ್ಟಿ ಮುಚ್ಚಿಹೋಗಿತ್ತು.

ಸ್ವಂತ ಸಂಬಳದ ಹಣದಿಂದ, ಆ ಹುಡುಗನ ಮೇಲಿನ ಪ್ರೀತಿಯಿಂದ ಅವರು ಮಾಡಿದ ಕೆಲಸ ಅದು. ಆ ಕ್ಷಣದಲ್ಲಿ ನನ್ನ ಆತಂಕ ಗ್ಯಾರೇಜಿನವನಿಂದ ಚಾಲಕರ ಕಡೆಗೆ ಹೊರಳಿತು. ಮಾಲಿಕರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಎದ್ದು ಗ್ಯಾರೇಜಿನವನ ಬಳಿಗೆ ಹೋಗಿ, "ಗಾಡಿ ನಿನ್ನ ಹತ್ತಿರಾನೇ ರಿಪೇರಿ ಆಗಲಿ, ತಮ್ಮಾ, ಲೆಕ್ಕ ಬರಕೊಡು" ಎಂದರು. ಚಾಲಕರಿಗೆ ಒಂದು ಕಟುವಾದ ಮಾತನ್ನೂ ನನ್ನೆದುರಿನಲ್ಲಿ ಆಡಲಿಲ್ಲ. ಅವರು ಇಂದಿಗೂ ಆ ಮನೆಯಲ್ಲಿಯೇ ಇದ್ದಾರೆ. ಅಂದು ಸಂಜೆ ನಾಲ್ವರೂ ಗ್ಯಾರೇಜಿನಲ್ಲಿಯೇ ಚಹಾ ಕುಡಿದೆವು.

ಬೇರೆ ಚಾಲಕರಿಗೂ ತಿಳಿಯುವಂತೆ ಕನ್ನಡದಲ್ಲಿ ಒಂದು ಹಲಗೆ ಬರೆದುಕೊಡಬೇಕೆಂದು ಅವನು ನನ್ನನ್ನು ಕೇಳಿಕೊಂಡನು. ಕೈಪಿಡಿಯಲ್ಲಿ ಹೇಳಿದ ಸಂಖ್ಯೆಯನ್ನೇ ಕೇಳಿ ಹಾಕಿಸಬೇಕು. ಎಂಜಿನ್ನು ಬದಲಿಸಿ ಕಟ್ಟಿಸಿದ್ದರೆ ಕಟ್ಟಿದವರನ್ನು ವಿಚಾರಿಸದೆ ಎಣ್ಣೆಯ ವರ್ಗವನ್ನು ಬದಲಿಸಬಾರದು. ಓಟದ ಪಥಕ್ಕೆ ಹೋಗುವ ಮೊದಲೂ ಬಂದ ಮೇಲೂ ಕಡ್ಡಿ ಎತ್ತಿ ಮಟ್ಟ ನೋಡಬೇಕು, ತಿರುವುಗಳಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪಿಗೆ ಸಿಗದೆ ಹೋಗಬಹುದು. ಪಥದಲ್ಲಿ ಓಡಿಸುವವರು ಕೈಪಿಡಿಯ ಅವಧಿಗಿಂತ ಬೇಗನೆ ಎಣ್ಣೆಯನ್ನು ಬದಲಿಸಬೇಕು. ವೇಗವಾಗಿ ಓಡಿಸಿ ಬಂದಾಗ ಒಂದೆರಡು ನಿಮಿಷ ನಿಧಾನವಾಗಿ ಚಲಿಸಿ ಆಮೇಲೆ ಎಂಜಿನ್ನನ್ನು ನಿಲ್ಲಿಸಬೇಕು. ಇಷ್ಟನ್ನು ಬರೆದು, 'ಎಣ್ಣೆಯ ಸ್ನಿಗ್ಧತೆಯನ್ನು ಸ್ವೇಚ್ಛೆಯಿಂದ ವ್ಯತ್ಯಾಸಗೊಳಿಸತಕ್ಕದ್ದಲ್ಲ' ಎಂಬ ವಾಕ್ಯವನ್ನು ಮೊದಲಿಗೆ ಇಟ್ಟಿದ್ದೆ. ಅವನು ಎರಡು ಸಲ ಓದಿ, "ಮೇಷ್ಟ್ರೇ, ಡ್ರೈವರ್‌ಗಳು ಇದಕ್ಕೆ ಕೈಮುಗಿದು ಹೋಗ್ತಾರೆ, ಅರ್ಥ ಮಾಡ್ಕೊಳಲ್ಲ" ಎಂದನು. 'ಎಣ್ಣೆ ನಂಬರ್ ಬದಲಿಸಬೇಡಿ' ಎಂದು ಅವನೇ ತಿದ್ದಿದನು. ತಿದ್ದುಪಾಟನ್ನು ಒಪ್ಪಿಕೊಂಡೆ. ಹಲಗೆಯ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಇನ್ನೂ ಉಳಿದಿದೆ. ಬ್ರೇಕಿನ ಎಣ್ಣೆಯ ವಿಷಯವನ್ನೂ ಅಲ್ಲಿ ಬರೆದುಕೊಡಬೇಕೆಂದು ಅವನ ಒತ್ತಾಯ. ಕೈಪಿಡಿಯನ್ನು ಅದಕ್ಕಾಗಿಯೇ ಹಿಂದಿರುಗಿಸದೆ ಇಟ್ಟುಕೊಂಡಿದ್ದೇನೆ.